ನಾಯಕರ ಮುಖವಿರುವ ನಾಣ್ಯ: ಕೊಳ್ಳುವ ಮೊದಲು ಓದುವುದು ಹೇಗೆ

1964ರ ಮೇ 27ರಂದು ಜವಾಹರಲಾಲ್ ನೆಹರೂ ತೀರಿಕೊಂಡರು. ಅದೇ ವರ್ಷ ಅವರ ಮುಖವಿರುವ ಒಂದು ರೂಪಾಯಿ ಮತ್ತು 50 ಪೈಸೆಯ ನಾಣ್ಯಗಳು ಹೊರಬಂದವು. ಗಣರಾಜ್ಯ ಭಾರತದ ಮೊದಲ ಸ್ಮರಣಾರ್ಥ ನಾಣ್ಯಗಳು ಇವೇ. ಆಮೇಲೆ ಗಾಂಧೀಜಿ, ಇಂದಿರಾ ಗಾಂಧಿ, ಅಂಬೇಡ್ಕರ್, ಸುಭಾಷ್‌ಚಂದ್ರ ಬೋಸ್, ಪಟೇಲ್, ಶಾಸ್ತ್ರಿ, ಕಾಮರಾಜ್, ರಾಜೇಂದ್ರ ಪ್ರಸಾದ್, ವಾಜಪೇಯಿ ಹೀಗೆ ಸಾಲು ಬೆಳೆಯುತ್ತಲೇ ಇದೆ. ಈ ಒಂದು ವಿಷಯವನ್ನೇ ಹಿಡಿದು ಸಂಗ್ರಹ ಮಾಡುವವರೂ ಬಹಳ ಮಂದಿ ಇದ್ದಾರೆ.

ಹೊಸಬರು ಮುಖ ನೋಡಿ ಕೊಳ್ಳುತ್ತಾರೆ. ಮುಖದಿಂದ ಗೊತ್ತಾಗುವುದು ಯಾರ ನಾಣ್ಯ ಎನ್ನುವುದಷ್ಟೇ. ಬೆಲೆ ನಿಂತಿರುವುದು ಬೇರೆ ಸಂಗತಿಗಳ ಮೇಲೆ: ಎಲ್ಲಿ ಅಚ್ಚಾಯಿತು, ಯಾವ ಲೋಹ, ಜನರ ಕೈಗೆ ಚಲಾವಣೆಗೆ ಬಂದದ್ದೋ ಸಂಗ್ರಹಕಾರರಿಗಾಗಿ ಮಾಡಿದ್ದೋ, ಅಸಲಿಗೆ ಅದು ನಾಣ್ಯವೋ ಪದಕವೋ. ಇಸವಿಯ ಕೆಳಗಿನ ಚುಕ್ಕೆ, ಅಂಚಿನ ಹಲ್ಲು (ಅಂಚಿನ ಸುತ್ತ ಇರುವ ಸಣ್ಣ ಗೆರೆಗಳು), ತಕ್ಕಡಿಯ ಅಂಕಿ ಇವನ್ನೆಲ್ಲ ಹೇಳುತ್ತವೆ. ಸರ್ಕಾರದ ಅಧಿಸೂಚನೆಗಳ ಭಾಷೆಯಲ್ಲೂ ನಾಯಕರ ಚಿತ್ರವಿರುವುದು ನಾಣ್ಯದ ಹಿಂಬದಿ. ಅಶೋಕ ಸ್ತಂಭದ ಸಿಂಹಗಳಿರುವ ಬದಿಯೇ ಮುಂಬದಿ.

ನಾಣ್ಯವೋ, ಪದಕವೋ

2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ಸಂದರ್ಭದ ನೆನಪಿಗಾಗಿ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಮುದ್ರೆ ಒತ್ತಿದ, ಭಾರತೀಯ ಹಣದಲ್ಲಿ ಮೌಲ್ಯ ಹೇಳುವ ನಾಣ್ಯವೇ ಸ್ಮರಣಾರ್ಥ ನಾಣ್ಯ. ಅಂದರೆ ಮುಖಬೆಲೆ ಇರಲೇಬೇಕು. ಗಾಂಧೀಜಿಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಬೆಳ್ಳಿ ಎಷ್ಟೇ ಶುದ್ಧವಾಗಿದ್ದರೂ, ಇಷ್ಟು ರೂಪಾಯಿ ಎಂದು ಬರೆಯದಿದ್ದರೆ ಅದು ಪದಕ ಅಥವಾ ಬಿಲ್ಲೆ.

ಹೆಸರಿಗೆ ಮೋಸ ಹೋಗುವುದು ಸುಲಭ. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ‘ಇಂಡಿಯನ್ ಗೋಲ್ಡ್ ಕಾಯಿನ್’ನ ಒಂದು ಬದಿಯಲ್ಲಿ ಅಶೋಕ ಚಕ್ರ, ಇನ್ನೊಂದು ಬದಿಯಲ್ಲಿ ಗಾಂಧೀಜಿಯ ಮುಖ ಇದೆ. 24 ಕ್ಯಾರೆಟ್ ಚಿನ್ನ, 5 ಮತ್ತು 10 ಗ್ರಾಂ. ಹೆಸರಿನಲ್ಲೇ ನಾಣ್ಯ ಎಂದಿದ್ದರೂ ಮುಖಬೆಲೆ ಇಲ್ಲ. ಆದ್ದರಿಂದ ಸಂಗ್ರಹಕಾರರ ಲೆಕ್ಕದಲ್ಲಿ ಅದು ಪದಕದ ಸಾಲಿಗೆ ಸೇರುತ್ತದೆ, ಬೆಲೆ ಚಿನ್ನದ ದರದ ಜೊತೆ ಏರಿಳಿಯುತ್ತದೆ. ಚಿನ್ನ ಬೆಳ್ಳಿ ಅಂಗಡಿಗಳಲ್ಲಿ ಸಿಗುವ, ನಾಯಕರ ಚಿತ್ರವಿರುವ ಬೆಳ್ಳಿ ತುಂಡುಗಳದ್ದೂ ಇದೇ ಕತೆ.

ಪದಕವೆಂದರೆ ಕೀಳಲ್ಲ. ಉಬ್ಬುಚಿತ್ರದ ಕೆಲಸ ಎಷ್ಟೋ ಪದಕಗಳಲ್ಲಿ ನಾಣ್ಯಕ್ಕಿಂತ ಆಳವಾಗಿ, ಚೆಲುವಾಗಿ ಇರುತ್ತದೆ. ನಾಣ್ಯ ಒಂದರ ಮೇಲೊಂದು ಕೂರಬೇಕಾದ್ದರಿಂದ ಅದರ ಉಬ್ಬು ತಗ್ಗಾಗಿಯೇ ಇರಬೇಕು. ಪದಕಕ್ಕೆ ಆ ಕಟ್ಟುಪಾಡಿಲ್ಲ. ಬೆಲೆ ಕಟ್ಟುವ ಬಗೆ ಮಾತ್ರ ಬೇರೆ. ಪದಕದಲ್ಲಿ ನೋಡಬೇಕಾದ್ದು ತಯಾರಕರ ಗುರುತು, ಯಾವ ಸಂಸ್ಥೆ ಯಾವ ಸಂದರ್ಭಕ್ಕೆ ಮಾಡಿಸಿತು ಎಂಬ ಬರಹ, ಲೋಹದ ಶುದ್ಧತೆಯ ಮುದ್ರೆ. ಅಂಚನ್ನು ತಿರುಗಿಸಿ ನೋಡಿ, ಬಹುತೇಕ ಗುರುತುಗಳು ಅಲ್ಲೇ ಇರುತ್ತವೆ. ಶುದ್ಧತೆಯ ಮುದ್ರೆ ಇಲ್ಲದ ಪದಕಕ್ಕೆ ಪರೀಕ್ಷೆ ಮಾಡಿಸದೆ ಬೆಳ್ಳಿಯ ಬೆಲೆ ಕೊಡಬಾರದು.

ನಾಣ್ಯವೂ ಅಲ್ಲದ, ಪದಕ ಎನ್ನಲೂ ಆಗದ ಮೂರನೆಯ ಗುಂಪೊಂದಿದೆ: ಕಲ್ಪಿತ ಬಿಲ್ಲೆಗಳು. ಈಸ್ಟ್ ಇಂಡಿಯಾ ಕಂಪನಿ ಎಂದು ಬರೆದು, 1818ರ ಇಸವಿ ಹಾಕಿ, ಮೇಲೆ ರಾಮ ದರ್ಬಾರ್ ಅಚ್ಚೊತ್ತಿದ ತಾಮ್ರದ ಬಿಲ್ಲೆಗಳನ್ನು ಜಾತ್ರೆಯಲ್ಲೂ ಆನ್‌ಲೈನಲ್ಲೂ ಲಕ್ಷದ ಮಾತಾಡಿ ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಅಚ್ಚು ಹಾಕಲಿಲ್ಲ.

ಕೈಗೆ ಬಂದದ್ದು, ಪೆಟ್ಟಿಗೆಗೆ ಹೋದದ್ದು

ಸ್ಮರಣಾರ್ಥ ನಾಣ್ಯಗಳಲ್ಲಿ ಎರಡು ಬಗೆ. ಒಂದು, ಚಿಲ್ಲರೆಯ ಜೊತೆ ಚಲಾವಣೆಗೆ ಬಂದವು. 1985ರ ಇಂದಿರಾ ಗಾಂಧಿ 50 ಪೈಸೆ ಮತ್ತು 5 ರೂಪಾಯಿ, 1990ರ ಅಂಬೇಡ್ಕರ್ 1 ರೂಪಾಯಿ, 1991ರ ರಾಜೀವ್ ಗಾಂಧಿ 1 ರೂಪಾಯಿ, 1996ರ ಬೋಸ್ ಮತ್ತು ಪಟೇಲ್ 2 ರೂಪಾಯಿ, 2015ರ ಅಂಬೇಡ್ಕರ್ 10 ರೂಪಾಯಿ ಈ ಗುಂಪಿನವು. ಇನ್ನೊಂದು, ಟಂಕಸಾಲೆಯಿಂದ ನೇರವಾಗಿ ಸಂಗ್ರಹಕಾರರಿಗೆ ಹೋಗುವ 75, 100, 125, 150 ರೂಪಾಯಿಯ ದೊಡ್ಡ ನಾಣ್ಯಗಳು. 2018ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ವಾಜಪೇಯಿ 100 ರೂಪಾಯಿ, 2023ರ ಎನ್.ಟಿ. ರಾಮರಾವ್ 100 ರೂಪಾಯಿ ಇಂಥವು.

ವಿಚಿತ್ರವೆನಿಸುವ ಈ ಮೊತ್ತಗಳ ಹಿಂದೆ ಸಾಮಾನ್ಯವಾಗಿ ಆಚರಣೆಯ ವರ್ಷದ ಲೆಕ್ಕವಿರುತ್ತದೆ. 125ನೇ ಜನ್ಮವರ್ಷಕ್ಕೆ 125 ರೂಪಾಯಿಯ ಅಂಬೇಡ್ಕರ್ ಮತ್ತು ರಾಧಾಕೃಷ್ಣನ್ ನಾಣ್ಯ, 150ನೆಯದಕ್ಕೆ 150 ರೂಪಾಯಿಯ ರವೀಂದ್ರನಾಥ ಟ್ಯಾಗೋರ್ ಮತ್ತು ವಿವೇಕಾನಂದ ನಾಣ್ಯ. ಬೋಸ್ ಅವರು ಪೋರ್ಟ್‌ಬ್ಲೇರಿನಲ್ಲಿ ಧ್ವಜ ಹಾರಿಸಿದ 75ನೇ ವರ್ಷಕ್ಕೆ 2018ರಲ್ಲಿ 75 ರೂಪಾಯಿ. ಕಾಯ್ದೆ ಬಿಡುವ ಗರಿಷ್ಠ ಮುಖಬೆಲೆ 1000 ರೂಪಾಯಿ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನಾಣ್ಯ ಆ ಮಿತಿಯನ್ನು ಮುಟ್ಟಿತು. 1000ಕ್ಕೂ ಹೆಚ್ಚಿನ ಮುಖಬೆಲೆಯ ಭಾರತೀಯ ನಾಣ್ಯ ಎಂದು ಯಾರಾದರೂ ಮಾರಲು ಬಂದರೆ ಅಲ್ಲಿಗೇ ಮಾತು ಮುಗಿಸಬಹುದು.

ಪ್ರತಿ ಸ್ಮರಣಾರ್ಥ ನಾಣ್ಯಕ್ಕೂ ಹಣಕಾಸು ಸಚಿವಾಲಯ ಗೆಜೆಟ್‌ನಲ್ಲಿ ನಿಯಮ ಪ್ರಕಟಿಸುತ್ತದೆ. ಮುಖಬೆಲೆ, ವ್ಯಾಸ, ಲೋಹದ ಪ್ರಮಾಣ, ಅಂಚಿನ ಹಲ್ಲುಗಳ ಸಂಖ್ಯೆ, ಎರಡೂ ಬದಿಯ ವಿವರ ಅದರಲ್ಲಿ ಇರುತ್ತವೆ. ಹಲವು ವರ್ಷಗಳಿಂದ ನಡೆದುಬಂದ ಅಳತೆ ಇದು: ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ, ಅಂಚಿನಲ್ಲಿ 200 ಹಲ್ಲು, ಲೋಹ ನಾಲ್ಕರ ಮಿಶ್ರಣ. ಬೆಳ್ಳಿ ಶೇ. 50, ತಾಮ್ರ ಶೇ. 40, ನಿಕ್ಕಲ್ ಶೇ. 5, ಸತು ಶೇ. 5. ಅಂದರೆ ‘ಬೆಳ್ಳಿ ನಾಣ್ಯ’ ಎಂದು ಕರೆಯುವ 100 ರೂಪಾಯಿಯಲ್ಲಿ ಇರುವ ಬೆಳ್ಳಿ 17.5 ಗ್ರಾಂ. ಆ ದಿನದ ಬೆಳ್ಳಿ ದರದಿಂದ ಅದನ್ನು ಗುಣಿಸಿ, ಕೇಳಿದ ಬೆಲೆಯಿಂದ ಕಳೆಯಿರಿ. ಉಳಿದದ್ದು ನೀವು ಅಪರೂಪಕ್ಕೆ, ಪೆಟ್ಟಿಗೆಗೆ, ಉತ್ಸಾಹಕ್ಕೆ ಕೊಡುವ ಹಣ. ಇತ್ತೀಚಿನ ಕೆಲವು ನಾಣ್ಯಗಳು ಶುದ್ಧ ಬೆಳ್ಳಿಯಲ್ಲೇ ಬರುತ್ತಿರುವುದರಿಂದ ಹಳೆಯ ಅಳತೆಯನ್ನೇ ನಂಬದೆ ಆಯಾ ನಾಣ್ಯದ ಗೆಜೆಟ್ ಪ್ರಕಟಣೆಯನ್ನು ತೆಗೆದು ನೋಡಬೇಕು.

ಟಂಕಸಾಲೆ ಇವನ್ನು ಪ್ರೂಫ್ ಮತ್ತು ಯುಎನ್‌ಸಿ ಎಂದು ಎರಡು ಗುಣಮಟ್ಟದಲ್ಲಿ ಮಾರುತ್ತದೆ. ಪ್ರೂಫ್ ನಾಣ್ಯಕ್ಕೆ ಅಚ್ಚನ್ನೂ ಖಾಲಿ ಬಿಲ್ಲೆಯನ್ನೂ ಮೊದಲೇ ಹೊಳಪು ಮಾಡಿ, ಹೆಚ್ಚಿನ ಒತ್ತಡದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಬಯಲು ಭಾಗ ಕನ್ನಡಿಯಂತೆ ಹೊಳೆಯುತ್ತದೆ, ಉಬ್ಬುಚಿತ್ರ ಮಂಜು ಕವಿದಂತೆ ಮಸುಕಾಗಿ ನಿಲ್ಲುತ್ತದೆ. ಯುಎನ್‌ಸಿ ಎಂದರೆ ಚಲಾವಣೆಗೆ ಹೋಗದ, ಸಾಮಾನ್ಯ ಅಚ್ಚಿನ ನಾಣ್ಯ. ಹೊಳಪು ಇರುತ್ತದೆ, ಕನ್ನಡಿ ಇರುವುದಿಲ್ಲ. ಸಾಮಾನ್ಯ ನಾಣ್ಯವನ್ನು ಪಾಲಿಶ್ ಮಾಡಿ ಪ್ರೂಫ್ ಎಂದು ಮಾರುವವರಿದ್ದಾರೆ. ಒಂದೇ ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡಿ. ಪಾಲಿಶ್ ಮಾಡಿದ್ದರೆ ಬಯಲಿನಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು ಕಾಣುತ್ತವೆ, ಅಕ್ಷರಗಳ ಮೂಲೆಗಳು ಮೊಂಡಾಗಿರುತ್ತವೆ, ಉಬ್ಬುಚಿತ್ರವೂ ಬಯಲಿನಷ್ಟೇ ಮಿನುಗುತ್ತದೆ.

ಹೊಸ ನಾಣ್ಯವನ್ನು ಸರ್ಕಾರಿ ಟಂಕಸಾಲೆಗಳನ್ನು ನಡೆಸುವ ಎಸ್‌ಪಿಎಂಸಿಐಎಲ್‌ನ ಜಾಲತಾಣದಲ್ಲಿ ಕಾಯ್ದಿರಿಸುವುದು ಒಳ್ಳೆಯದು. ಹಣ ಕಟ್ಟಿದ ಮೇಲೆ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಆ ಅವಧಿಯಲ್ಲಿ ಮರುಮಾರಾಟಗಾರರು ಎರಡು ಮೂರು ಪಟ್ಟು ಕೇಳುತ್ತಾರೆ, ನಾಣ್ಯಗಳು ಎಲ್ಲರಿಗೂ ತಲುಪಿದ ಮೇಲೆ ಬೆಲೆ ಇಳಿಯುವುದೂ ಉಂಟು. ಪೊಟ್ಟಣ ಬಂದಾಗ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ. ನಾಣ್ಯವಿರುವ ಪಾರದರ್ಶಕ ದುಂಡು ಡಬ್ಬಿ, ಅಂದರೆ ಕ್ಯಾಪ್ಸೂಲ್ ಒಡೆದಿದ್ದರೆ, ನಾಣ್ಯದ ಮೇಲೆ ಕಲೆಯಿದ್ದರೆ ದೂರು ಕೊಡಲು ಬೇರೆ ಸಾಕ್ಷಿ ಇರುವುದಿಲ್ಲ.

ಇಸವಿಯ ಕೆಳಗಿನ ಚುಕ್ಕೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯವಾಗಿ ಇಸವಿಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ. ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಗೆ ದುಂಡು ಚುಕ್ಕೆ, ಕೋಲ್ಕತ್ತಾಗೆ ಯಾವ ಗುರುತೂ ಇಲ್ಲ. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ಸೀಳಿದ ವಜ್ರ, ಒಳಗೆ ಚುಕ್ಕೆಯಿರುವ ವಜ್ರವೂ ಸಿಗುತ್ತವೆ. ಮುಂಬೈಯ ಪ್ರೂಫ್ ನಾಣ್ಯಗಳಲ್ಲಿ ವಜ್ರದ ಬದಲು ಇಂಗ್ಲಿಷಿನ ‘ಬಿ’ ಅಕ್ಷರ, ಊರಿನ ಹೆಸರು ಬದಲಾದ ಮೇಲೆ ‘ಎಂ’.

ಗುರುತಿಲ್ಲ ಎಂದ ಕೂಡಲೇ ಕೋಲ್ಕತ್ತಾ ಎಂದು ಬರೆದುಕೊಳ್ಳಬೇಡಿ. ಸವೆದ ನಾಣ್ಯದಲ್ಲಿ ನೊಯ್ಡಾದ ಚುಕ್ಕೆ ಮೊದಲು ಅಳಿಸಿಹೋಗುತ್ತದೆ. ಅಚ್ಚಿನ ಕುಳಿಯಲ್ಲಿ ಜಿಡ್ಡು ತುಂಬಿದ್ದರೂ ಗುರುತು ಮೂಡಿರುವುದಿಲ್ಲ. ಸುತ್ತಲಿನ ಅಕ್ಷರಗಳು ಚೂಪಾಗಿದ್ದು ಗುರುತಿನ ಜಾಗ ನುಣುಪಾಗಿದ್ದರೆ ಮಾತ್ರ ಕೋಲ್ಕತ್ತಾ ಎನ್ನಬಹುದು. ಒಂದೇ ನಾಯಕರ ನಾಣ್ಯವನ್ನು ಅದು ಅಚ್ಚಾದ ಎಲ್ಲ ಟಂಕಸಾಲೆಗಳಿಂದ ಕೂಡಿಸುವುದು ಈ ಹವ್ಯಾಸದ ನಿಜವಾದ ಸವಾಲು. ಎಲ್ಲ ನಾಣ್ಯವನ್ನೂ ನಾಲ್ಕೂ ಕಡೆ ಹೊಡೆದಿರುವುದಿಲ್ಲ, ಒಂದೊಂದು ಕಡೆ ಕಡಿಮೆ ಹೊಡೆದಿರುತ್ತಾರೆ. ಹಾಗಾಗಿ ಒಂದೇ ಮುಖದ ಎರಡು ನಾಣ್ಯಗಳಿಗೆ ಬೇರೆ ಬೇರೆ ಬೆಲೆ. ಕರ್ನಾಟಕದವರಿಗೆ ಇಲ್ಲೊಂದು ಎಚ್ಚರಿಕೆ: ಮೈಸೂರಿನಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ನೋಟು ಮುದ್ರಿಸುತ್ತದೆ, ನಾಣ್ಯವನ್ನಲ್ಲ. ಗಣರಾಜ್ಯದ ನಾಣ್ಯ ತೋರಿಸಿ ‘ಮೈಸೂರು ಮಿಂಟ್’ ಎಂದರೆ ಆ ಮಾತು ಸುಳ್ಳು.

ಇಸವಿಯಲ್ಲೂ ಎಡವುವವರಿದ್ದಾರೆ. ಗಾಂಧಿ ನಾಣ್ಯಗಳಲ್ಲಿ 1869–1948 ಎಂದಿರುವುದನ್ನು ನೋಡಿ ‘1948ರ ನಾಣ್ಯ’ ಎಂದು ಮಾರುತ್ತಾರೆ. ಅದು ಹುಟ್ಟಿದ ಮತ್ತು ತೀರಿಕೊಂಡ ವರ್ಷ. ನಾಣ್ಯಗಳು ಬಂದದ್ದು ಜನ್ಮಶತಾಬ್ದಿಗೆ, 1969ರಲ್ಲಿ. ರೂಪಾಯಿಯ ಚಿಹ್ನೆಯೂ ಒಳ್ಳೆಯ ಸಾಕ್ಷಿ. ₹ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ. ಅದಕ್ಕಿಂತ ಹಳೆಯ ಇಸವಿಯ ನಾಣ್ಯದ ಮೇಲೆ ಆ ಚಿಹ್ನೆ ಇದ್ದರೆ ನಕಲಿ ಎಂದು ಕಣ್ಣುಮುಚ್ಚಿ ಹೇಳಬಹುದು.

ಇನ್ನೊಂದು ಪರೀಕ್ಷೆಗೆ ಸಲಕರಣೆಯೇ ಬೇಡ. ಸಿಂಹಗಳು ನೇರವಾಗಿ ನಿಲ್ಲುವಂತೆ ಮೇಲೊಂದು ಕೆಳಗೊಂದು ಬೆರಳಿಟ್ಟು ಹಿಡಿದು, ಪುಸ್ತಕದ ಹಾಳೆಯಂತೆ ಎಡದಿಂದ ಬಲಕ್ಕೆ ತಿರುಗಿಸಿ. ಗಣರಾಜ್ಯದ ನಾಣ್ಯಗಳಲ್ಲಿ ಆ ಬದಿಯ ಮುಖವೂ ನೇರವಾಗಿ ನಿಲ್ಲಬೇಕು. ಓರೆಯಾಗಿದ್ದರೆ ಅಚ್ಚು ಸಡಿಲವಾಗಿ ತಿರುಗಿದೆ ಎಂದರ್ಥ. ಸ್ವಲ್ಪ ಓರೆಗೆ ಬೆಲೆಯಿಲ್ಲ, 90 ಅಥವಾ 180 ಡಿಗ್ರಿ ತಿರುಗಿದ್ದರೆ ದೋಷನಾಣ್ಯ ಹುಡುಕುವವರು ಹೆಚ್ಚು ಕೊಟ್ಟು ಕೊಳ್ಳುತ್ತಾರೆ.

ಆಯಸ್ಕಾಂತ, ತಕ್ಕಡಿ, ಒಂದು ಲೋಟ ನೀರು

1964ರ ನೆಹರೂ ರೂಪಾಯಿ ನಿಕ್ಕಲ್ಲಿನದು: 10 ಗ್ರಾಂ, 28 ಮಿಲಿಮೀಟರ್. ನಿಕ್ಕಲ್ ಆಯಸ್ಕಾಂತಕ್ಕೆ ಅಂಟುತ್ತದೆ, ಅಂಟದ ನೆಹರೂ ರೂಪಾಯಿಯನ್ನು ಕೊಳ್ಳಬೇಡಿ. 1985ರ ಇಂದಿರಾ ಗಾಂಧಿ 5 ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಣ: 12.5 ಗ್ರಾಂ, 31 ಮಿಲಿಮೀಟರ್. ನಿಕ್ಕಲ್ ಇದ್ದರೂ ತಾಮ್ರ ಹೆಚ್ಚಿರುವುದರಿಂದ ಅಂಟುವುದಿಲ್ಲ, ಅಂಟಿದರೆ ಅನುಮಾನಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನ ನಾಣ್ಯಗಳು ಅಂಟುತ್ತವೆ. ಬೆಳ್ಳಿ ಅಂಟುವುದಿಲ್ಲ, ಆದರೆ ಹಿತ್ತಾಳೆಯೂ ಸೀಸವೂ ಅಂಟುವುದಿಲ್ಲ. ಹಾಗಾಗಿ ಆಯಸ್ಕಾಂತದಿಂದ ಬೆಳ್ಳಿಯಲ್ಲ ಎಂದು ಹೇಳಬಹುದೇ ಹೊರತು ಬೆಳ್ಳಿ ಎಂದು ಹೇಳಲಾಗದು.

ಬೆಳ್ಳಿಗೆ ನೀರಿನ ಪರೀಕ್ಷೆಯೇ ಬೇಕು. 1969ರ ಗಾಂಧಿ 10 ರೂಪಾಯಿಯನ್ನೇ ತೆಗೆದುಕೊಳ್ಳಿ: ಶೇ. 80 ಬೆಳ್ಳಿ, 15 ಗ್ರಾಂ, 34 ಮಿಲಿಮೀಟರ್. 0.01 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ತೆಳು ದಾರದಲ್ಲಿ ನಾಣ್ಯ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಅಸಲಿ ಗಾಂಧಿ ನಾಣ್ಯಕ್ಕೆ ಅಂಕಿ 1.48ರ ಸುತ್ತ, ಸಾಂದ್ರತೆ 10.1. ಅದೇ ತೂಕದ ತಾಮ್ರ-ನಿಕ್ಕಲ್ ನಕಲಿ 1.68 ತೋರಿಸುತ್ತದೆ, ಸಾಂದ್ರತೆ 8.9. ಶೇ. 50 ಬೆಳ್ಳಿಯ 35 ಗ್ರಾಂ ನಾಣ್ಯಕ್ಕೆ 3.67ರ ಹತ್ತಿರ, ಸಾಂದ್ರತೆ 9.5. ಲೆಕ್ಕ ತಪ್ಪುವುದು ಮುಖ್ಯವಾಗಿ ಗಾಳಿಗುಳ್ಳೆಯಿಂದ: ಅಂಚಿನ ಹಲ್ಲುಗಳಲ್ಲಿ ಗುಳ್ಳೆ ಕೂತರೆ ತಳ್ಳಿದ ನೀರು ಹೆಚ್ಚಾಗಿ ಕಂಡು, ಅಸಲಿ ಬೆಳ್ಳಿಯೇ ನಕಲಿಯಂತೆ ತೋರುತ್ತದೆ. ದಾರವನ್ನು ಅಲುಗಿಸಿ ಗುಳ್ಳೆ ಬಿಡಿಸಿ, ಮೂರು ಸಲ ಅಳೆಯಿರಿ. ಪ್ರೂಫ್ ನಾಣ್ಯವನ್ನು ಮಾತ್ರ ಕ್ಯಾಪ್ಸೂಲಿನಿಂದ ತೆಗೆದು ನೀರಿಗೆ ಇಳಿಸಲೇಬಾರದು. ನೀರಿನ ಕಲೆ ಕನ್ನಡಿಯ ಮೇಲೆ ಉಳಿದುಬಿಡುತ್ತದೆ.

ಇಡುವ ಬಗೆ

ನಾಣ್ಯಗಳನ್ನು ಕಳ್ಳರಿಗಿಂತ ಹೆಚ್ಚು ಹಾಳುಮಾಡಿದ್ದು ಅಗ್ಗದ ಪಿವಿಸಿ ಆಲ್ಬಂ. ಮೆತ್ತಗಿನ, ವಾಸನೆ ಬರುವ ಆ ಪ್ಲಾಸ್ಟಿಕ್ ಸೆಕೆಗೆ ಕೊಳೆಯುತ್ತ ಆಮ್ಲ ಬಿಡುತ್ತದೆ. ತಾಮ್ರವಿರುವ ನಾಣ್ಯದ ಮೇಲೆ ಹಸಿರು ಅಂಟು ಮೂಡಿ, ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರ್ ಅಥವಾ ಅಕ್ರಿಲಿಕ್ ಕ್ಯಾಪ್ಸೂಲ್ ಬಳಸಿ. ಕ್ಯಾಪ್ಸೂಲಿನ ಅಳತೆ ಸರಿಯಿರಲಿ: 10 ರೂಪಾಯಿಯ ಎರಡು ಲೋಹದ ನಾಣ್ಯಕ್ಕೆ 27, ಗಾಂಧಿ ಬೆಳ್ಳಿಗೆ 34, 100 ರೂಪಾಯಿಗೆ 44 ಮಿಲಿಮೀಟರ್. ಸಡಿಲವಾದರೆ ನಾಣ್ಯ ಅಲುಗಿ ಅಂಚು ಸವೆಯುತ್ತದೆ. ರಟ್ಟಿಗೆ ಹೊಡೆದ ಸ್ಟೇಪಲ್ ಪಿನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯವನ್ನು ಗೀರುತ್ತದೆ.

ಹಸಿರು ಅಂಟು ಆಗಲೇ ಹತ್ತಿದ್ದರೆ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಬಣ್ಣ ಬೆರೆತಿರುತ್ತವೆ. ಗಾಜಿನ ಬಟ್ಟಲು, ತೆರೆದ ಕಿಟಕಿ, ಹತ್ತಿರದಲ್ಲಿ ಒಲೆ ದೀಪ ಇರಬಾರದು. ಕೆಲವು ನಿಮಿಷ ಬಿಟ್ಟು, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಉಜ್ಜದೆ ಆರಲು ಬಿಡಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ದೇವರ ಮನೆಯ ಪಾತ್ರೆಗೆ ಸರಿ. ನಾಣ್ಯಕ್ಕೆ ಹಚ್ಚಿದರೆ ಬೆಲೆ ಅರ್ಧಕ್ಕೂ ಕೆಳಗೆ ಹೋಗುತ್ತದೆ. ತೊಳೆದ ನಾಣ್ಯವನ್ನು ಅನುಭವಿ ಮೊದಲ ನೋಟಕ್ಕೇ ಹಿಡಿಯುತ್ತಾನೆ.

ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ರಬ್ಬರ್ ಬ್ಯಾಂಡ್, ಉಣ್ಣೆ, ಹಳೆಯ ಪತ್ರಿಕೆಯ ಕಾಗದ ಹತ್ತಿರ ಇರಬಾರದು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಇಡಿ. ನಾಣ್ಯವನ್ನು ಹಿಡಿಯುವುದು ಅಂಚಿನಿಂದ ಮಾತ್ರ, ಮೆತ್ತನೆಯ ಬಟ್ಟೆ ಹಾಸಿದ ಮೇಜಿನ ಮೇಲೆ. ಬೆರಳಚ್ಚು ಬಿದ್ದ ದಿನ ಕಾಣದೆ, ತಿಂಗಳುಗಳ ಮೇಲೆ ಕಂದು ಕಲೆಯಾಗಿ ಮೂಡುತ್ತದೆ.

ಎಲ್ಲಿಂದ ಶುರು, ಯಾವುದಕ್ಕೆ ಎಷ್ಟು

ಆರಂಭಕ್ಕೆ ಗಾಂಧಿ ಶತಾಬ್ದಿಯ ನಾಲ್ಕು ನಾಣ್ಯಗಳಷ್ಟು ಒಳ್ಳೆಯ ಗುಂಪು ಇನ್ನೊಂದಿಲ್ಲ. 20 ಪೈಸೆ ಅಲ್ಯೂಮಿನಿಯಂ-ಕಂಚು, 50 ಪೈಸೆ ಮತ್ತು 1 ರೂಪಾಯಿ ನಿಕ್ಕಲ್, 10 ರೂಪಾಯಿ ಬೆಳ್ಳಿ. ಮೂರು ಲೋಹ, ನಾಲ್ಕು ಗಾತ್ರ, ಬೇರೆ ಬೇರೆ ಟಂಕಸಾಲೆಯ ಗುರುತು. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಇವುಗಳ ಮೇಲೇ ಕಲಿಯಬಹುದು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ರದ್ದಾದ್ದರಿಂದ ಆ 20 ಪೈಸೆ ಈಗ ಸಂಗ್ರಹದ ವಸ್ತು ಮಾತ್ರ. ನೆಹರೂ 50 ಪೈಸೆಯಲ್ಲಿ ಇಂಗ್ಲಿಷ್ ಬರಹದ್ದು, ಹಿಂದಿ ಬರಹದ್ದು ಎಂದು ಎರಡಿವೆ, ಎರಡನ್ನೂ ಕೂಡಿಸಿದರೇ ಜೋಡಿ ಪೂರ್ಣ. ರಾಜಕೀಯ ನಾಯಕರ ಗೆರೆಯನ್ನು ಸ್ವಲ್ಪ ಹಿಗ್ಗಿಸುವ ಕನ್ನಡಿಗರು 2006ರ ಬಸವೇಶ್ವರ 5 ಮತ್ತು 100 ರೂಪಾಯಿಯನ್ನು ಖಂಡಿತ ಸೇರಿಸಿಕೊಳ್ಳಬೇಕು.

ಬೆಲೆಯ ವಿಷಯದಲ್ಲಿ ಕಟುವಾದರೂ ನಿಜವನ್ನೇ ಹೇಳಬೇಕು. ಚಿಲ್ಲರೆಯಲ್ಲಿ ಸಿಕ್ಕ, ಸವೆದ ಸ್ಮರಣಾರ್ಥ ನಾಣ್ಯಗಳಲ್ಲಿ ಬಹುಪಾಲಿಗೆ ಮುಖಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷಗಟ್ಟಲೆ ಎಂಬ ವಿಡಿಯೊಗಳ ಹಿಂದೆ ಇರುವುದು ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಹೆಸರಿನಲ್ಲಿ ನಿಮ್ಮಿಂದ ಹಣ ಕೀಳುವ ಜಾಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿ, ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಯಾರಿಗೂ ತನ್ನ ಪರವಾಗಿ ಶುಲ್ಕ ವಸೂಲಿಗೆ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿದೆ. ಇದಕ್ಕೆ ತದ್ವಿರುದ್ಧದ ತಪ್ಪೂ ನಡೆಯುತ್ತದೆ: ವಿನ್ಯಾಸ ಬೇರೆ ಎಂದು 10 ರೂಪಾಯಿಯ ಸ್ಮರಣಾರ್ಥ ನಾಣ್ಯಗಳನ್ನು ಅಂಗಡಿಯವರು ನಿರಾಕರಿಸುತ್ತಾರೆ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಸಿಂಧು ಎಂದು ಸ್ಪಷ್ಟಪಡಿಸಿತು.

ಪ್ರತಿ ನಾಣ್ಯ ಬಂದ ದಿನವೇ ಪುಸ್ತಕದಲ್ಲಿ ಬರೆದಿಡಿ: ಯಾರ ನೆನಪಿಗೆ, ಮುಖಬೆಲೆ, ಇಸವಿ, ಟಂಕಸಾಲೆ, ಲೋಹ, ನೀವೇ ತೂಗಿದ ತೂಕ, ಎಲ್ಲಿಂದ, ಎಷ್ಟಕ್ಕೆ. ಎರಡು ಬದಿಯ ಜೊತೆ ಅಂಚಿನ ಫೋಟೊವನ್ನೂ ತೆಗೆದಿಡಿ. ಟಂಕಸಾಲೆಯ ಪ್ರೂಫ್ ಮತ್ತು ಯುಎನ್‌ಸಿ ಸೆಟ್‌ಗಳ ಪೆಟ್ಟಿಗೆ, ಒಳಗಿನ ಕಾರ್ಡು, ಬಿಲ್ಲು ಯಾವುದನ್ನೂ ಎಸೆಯಬೇಡಿ. ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅವನ್ನೇ, ಅವಿಲ್ಲದ ಸೆಟ್‌ಗೆ ಬಿಡಿ ನಾಣ್ಯದ ಬೆಲೆಯನ್ನಷ್ಟೇ ಕೊಡುತ್ತಾರೆ.